ಗೋಪ್ಯದ ಸೀಲು ಬಿದ್ದ ಸೈಟ್ ಬುಕ್ಕು

ವಕೀಲರ ಆಫೀಸಿಗೆ ಹೊಸದಾಗಿ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ಈಗಲೂ ಲಗ್ಗೆರೆಯ ನಮ್ಮ ಮನೆಗೆ ಬಂದು, ಆಂಟಿ, ಕೆಲಸ ಹೇಗಿರತ್ತೆ ಎಂದು ಕೇಳುತ್ತಾರೆ. ಹೇಗಿರುತ್ತದೆ ಎಂದು ನಿಜ ಹೇಳಿದರೆ ಯಾರೂ ಸೇರುವುದಿಲ್ಲ. ಅದಕ್ಕೇ ಇಷ್ಟು ದಿನ ಕಾಫಿ ಕೊಟ್ಟು, ಒಳ್ಳೇದಾಗಲಿ ಎಂದು ಕಳಿಸುತ್ತಿದ್ದೆ. ನಿವೃತ್ತಿಯಾಗಿ ಎರಡು ವರ್ಷವಾಯಿತು, ಇನ್ನು ಯಾರ ಹಂಗೂ ನನಗಿಲ್ಲ. ಬರೆದೇ ಬಿಡುತ್ತೇನೆ.

ನಾನು ರಾಜಾಜಿನಗರದ ಶೇಷಗಿರಿ ವಕೀಲರ ಆಫೀಸಿನಲ್ಲಿ ಮೂವತ್ತೊಂದು ವರ್ಷ ಇದ್ದೆ. ಟೈಪಿಸ್ಟಾಗಿ ಸೇರಿದವಳು ಯಾವಾಗ ಹೆಡ್ ಕ್ಲರ್ಕ್ ಆದೆ ಎಂಬುದು ನನಗೇ ನೆನಪಿಲ್ಲ. ಹಳೆಯ ಹೆಡ್ ಕ್ಲರ್ಕ್ ಒಂದು ದಿನ ಬರುವುದು ನಿಲ್ಲಿಸಿದರು, ಬೀರುವಿನ ಬೀಗದ ಕೈ ನನ್ನ ಸೆರಗಿನಲ್ಲಿ ಉಳಿಯಿತು, ಅಷ್ಟೇ. ನಮಗೆ ಬರುತ್ತಿದ್ದುದು ಹೆಚ್ಚಾಗಿ ಕಟ್ಟಡದ ಜಗಳಗಳು. ಕೆಂಗೇರಿಯಿಂದ ಬಸವೇಶ್ವರನಗರದವರೆಗಿನ ಗುತ್ತಿಗೆದಾರರೆಲ್ಲ ನಮ್ಮ ಕಕ್ಷಿದಾರರು. ಅವರ ಕೈಯಲ್ಲಿ ಮನೆ ಕಟ್ಟಿಸಿಕೊಂಡು ತಲೆಯ ಮೇಲೆ ಕೈಹೊತ್ತು ಕೂತವರು ನಮ್ಮ ಎದುರು ಪಾರ್ಟಿ. ಯಾರದು ಸರಿ, ಯಾರದು ತಪ್ಪು ಎಂಬ ಪ್ರಶ್ನೆಗೆ ಆಫೀಸಿನಲ್ಲಿ ಫೈಲು ಇರಲಿಲ್ಲ.

ಸೇರಿದ ಮೊದಲ ವಾರವೇ ನನ್ನ ಕೈಗೆ ಒಂದು ರಬ್ಬರ್ ಸೀಲು ಕೊಟ್ಟರು. ‘ಗೋಪ್ಯ: ವಕೀಲ ಕಕ್ಷಿದಾರ ವ್ಯವಹಾರ’ ಎಂದು ಅದರ ಮೇಲಿತ್ತು. ಬಂದ ಕಾಗದಕ್ಕೆಲ್ಲ ಅದನ್ನು ಒತ್ತುವುದೇ ಬುದ್ಧಿವಂತಿಕೆ ಎಂದು ನಮ್ಮ ಕಕ್ಷಿದಾರರು ನಂಬಿದ್ದರು. ಸಿಮೆಂಟಿನ ರಸೀದಿಗೆ ಒತ್ತಿದೆ. ಕಾರ್ಪೊರೇಷನ್ನಿನ ಪ್ಲಾನಿಗೆ ಒತ್ತಿದೆ. ಕೆಂಗೇರಿಯ ಒಬ್ಬ ಗುತ್ತಿಗೆದಾರ ಮಗಳ ಸೀಮಂತದ ಕಾರ್ಡನ್ನು ಫೈಲಿನೊಳಗೆ ಮರೆತು ಹೋಗಿದ್ದ, ಅದಕ್ಕೂ ಒತ್ತಿದೆ. ಆ ಮನುಷ್ಯ ತನ್ನ ಮೇಸ್ತ್ರಿಗೆ ಕಳಿಸುವ ಇಮೇಲನ್ನೆಲ್ಲ ನಮ್ಮ ಸಾಹೇಬರಿಗೂ ಒಂದು ಪ್ರತಿ ಹಾಕುತ್ತಿದ್ದ. ವಕೀಲರ ಹೆಸರು ಸೇರಿದರೆ ಸಾಕು, ಮರಳಿನ ಲಾರಿಯ ಲೆಕ್ಕವೂ ಗೋಪ್ಯವಾಗಿಬಿಡುತ್ತದೆ ಎಂದು ಅವನಿಗೆ ಯಾರೋ ಕಿವಿ ಊದಿದ್ದರು.

ಸಾಹೇಬರಿಗೆ ಕಾನೂನು ಗೊತ್ತಿಲ್ಲ ಎಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತಿತ್ತು, ಅದೇ ತಾಪತ್ರಯ. ಒಂದು ಮಧ್ಯಾಹ್ನ ದರ್ಶಿನಿಯಿಂದ ತರಿಸಿದ ಖಾಲಿ ದೋಸೆ ತಿನ್ನುತ್ತ ನನಗೆ ಪಾಠ ಹೇಳಿದರು. “ಪದ್ಮಾ, ಗೋಪ್ಯ ಅನ್ನೋದು ಮಾತಿಗೆ ಕಣಮ್ಮ, ವಸ್ತುಗಲ್ಲ. ಕಕ್ಷಿದಾರ ನನ್ನ ಹತ್ರ ಏನು ಹೇಳ್ದ, ನಾನೇನು ಸಲಹೆ ಕೊಟ್ಟೆ, ಅದನ್ನ ಯಾರೂ ಕೇಳೋ ಹಾಗಿಲ್ಲ. ಸೈಟಲ್ಲಿ ಹುಟ್ಟಿದ ಕಾಗದ ನನ್ನ ಬೀರುಗೆ ಬಂದ್ರೂ ಸೈಟಿನ ಕಾಗದಾನೇ.” ನಮ್ಮಂಥ ಗುಮಾಸ್ತರಿಗೂ ಅದೇ ಕಟ್ಟುಪಾಡು ಎಂದರು. ಆಫೀಸಿನಲ್ಲಿ ಓದಿದ್ದನ್ನು ನಾವು ಹೊರಗೆ ಬಾಯಿ ಬಿಡುವಂತಿಲ್ಲ, ಕಾಗದ ಬೇಕಾದವರು ಕಕ್ಷಿದಾರನನ್ನೇ ಕೇಳಿ ಪಡೆಯಬೇಕು. ಇಷ್ಟು ಹೇಳಿ ಕೈತೊಳೆದು ಬಂದು, ಆವತ್ತಿನ ಕಾಗದದ ಕಟ್ಟನ್ನೆಲ್ಲ ನನ್ನ ಮೇಜಿನ ಮೇಲಿಟ್ಟು ಸೀಲು ಒತ್ತಲು ಹೇಳಿದರು.

ಕೇಸು ಹಾಕುವ ಮೊದಲು ಎರಡೂ ಕಡೆಯವರು ಕಾಗದ ಪತ್ರ ಮುಂದಿಟ್ಟುಕೊಂಡು ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಕೆಲವು ದೇಶಗಳಲ್ಲಿ ಹಾಗೆ ನೋಡಲೇಬೇಕೆಂಬ ನಿಯಮವಿದೆಯಂತೆ. ನಮ್ಮ ಆಫೀಸಿನ ನಿಯಮ ಬೇರೆ. ಕೇಸಿಗೆ ಮೊದಲು ಕೇಳಿದರೆ ಕೋರ್ಟಿನಲ್ಲಿ ಕೇಳಿ ಎನ್ನುವುದು, ಕೋರ್ಟಿನಲ್ಲಿ ಕೇಳಿದರೆ ಮೊದಲೇ ಯಾಕೆ ಕೇಳಲಿಲ್ಲ ಎನ್ನುವುದು. ‘ನಿಮ್ಮ ನೋಟೀಸಿನಲ್ಲಿರುವ ಎಲ್ಲ ಅಂಶಗಳನ್ನೂ ಸಾರಾಸಗಟಾಗಿ ಅಲ್ಲಗಳೆಯಲಾಗಿದೆ’ ಎಂಬ ಸಾಲನ್ನು ನಾನು ಎಷ್ಟು ಸಲ ಟೈಪ್ ಮಾಡಿದ್ದೇನೋ ದೇವರೇ ಬಲ್ಲ. ನೋಟೀಸು ಓದುವ ಮೊದಲೇ ಆ ಸಾಲು ಟೈಪಾಗಿರುತ್ತಿತ್ತು.

ಈಗ ಮರಿಯಪ್ಪನ ವಿಷಯಕ್ಕೆ ಬರುತ್ತೇನೆ. ಮರಿಯಪ್ಪ ಬಿಳಿ ಷರಟಿನ, ಕೈತುಂಬ ಉಂಗುರದ ಗುತ್ತಿಗೆದಾರ. ಚಂದ್ರಾ ಲೇಔಟಿನಲ್ಲಿ ಸರೋಜಮ್ಮ ಎಂಬ ನಿವೃತ್ತ ಗಣಿತದ ಟೀಚರಿಗೆ ಎರಡಂತಸ್ತಿನ ಮನೆ ಕಟ್ಟಿಕೊಟ್ಟಿದ್ದ. ಒಂದೂವರೆ ವರ್ಷಕ್ಕೆ ಮೇಲಿನ ಮುಂಭಾಗದ ರೂಮಿನಲ್ಲಿ ಗೋಡೆ ಬಿರುಕು ಬಿಟ್ಟಿತು. ಟೀಚರ್ ಆ ರೂಮಿನಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಹತ್ತು ಸಲ ಫೋನ್ ಮಾಡಿದರೂ ಮರಿಯಪ್ಪ ಬರಲಿಲ್ಲ. ಕೊನೆಗೆ ಅವರು ವಿಜಯನಗರದ ಶಾರದಾ ಎಂಬ ವಕೀಲೆಯ ಕಡೆಯಿಂದ ನಮಗೆ ನೋಟೀಸು ಕಳಿಸಿದರು. ಅದರಲ್ಲಿ ಕೇಳಿದ್ದು ಹಣವನ್ನಲ್ಲ. ಕಟ್ಟುವಾಗ ಬರೆದಿಟ್ಟ ದಾಖಲೆಗಳನ್ನೆಲ್ಲ ತೋರಿಸಿ, ಮನೆಯಲ್ಲಿ ಎಲ್ಲಿ ಏನಾಗಿದೆ ಎಂದು ತಮ್ಮ ಕಡೆಯ ಇಂಜಿನಿಯರ್ ನೋಡಲಿ ಎಂದಿದ್ದರು. ಮನೆ ಯಜಮಾನರು ಕೇಳಿದಾಗ ಸೈಟಿನ ದಾಖಲೆ ತೋರಿಸಬೇಕು ಎಂಬ ಷರತ್ತು ಕರಾರಿನಲ್ಲೇ ಇತ್ತು. ಆ ಷರತ್ತನ್ನು ಹಿಂದೆ ಟೈಪ್ ಮಾಡಿದವಳೂ ನಾನೇ.

ನೋಟೀಸು ಬಂದ ಮೂರನೆಯ ದಿನ ಮರಿಯಪ್ಪ ರೇಷ್ಮೆ ಸೀರೆ ಅಂಗಡಿಯ ಕೈಚೀಲದಲ್ಲಿ ಒಂದು ಬುಕ್ಕು ತಂದ. ಅದು ಸೈಟ್ ಬುಕ್ಕು. ಕೆಲಸ ನಡೆಯುವ ಜಾಗದಲ್ಲಿ ಇಂಜಿನಿಯರ್ ದಿನದಿನವೂ ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದು ಬರೆದು ಸಹಿ ಹಾಕುವ ಉದ್ದನೆಯ ರೂಲ್ಡ್ ಬುಕ್ಕು. ಮರಿಯಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಸಾಹೇಬರ ಮುಂದಿಟ್ಟ. “ಇನ್ಮೇಲೆ ಇದು ನಿಮ್ದು ಸಾರ್. ಲಾಯರ್ ಹತ್ರ ಇರೋದನ್ನ ಯಾರೂ ಕೇಳಂಗಿಲ್ವಂತಲ್ಲ” ಎಂದ.

ಸಾಹೇಬರು ಬುಕ್ಕು ತಿರುವಿದರು, ಒಂದು ಪುಟದಲ್ಲಿ ನಿಂತರು. ಪುಟವನ್ನು ನನಗೂ ತೋರಿಸಿದರು. ಕೆಳಗಿನ ಹಾಲ್‌ನ ನಡುವಿನ ಬೀಮಿಗೆ ಐದು ಕಂಬಿ ಬದಲು ಮೂರೇ ಕಂಬಿ ಕಟ್ಟಲಾಗಿದೆ, ಸರಿಮಾಡದೆ ಕಾಂಕ್ರೀಟ್ ಹಾಕಬೇಡಿ ಎಂದು ಸೈಟ್ ಇಂಜಿನಿಯರ್ ಬರೆದಿದ್ದ. ಕೆಳಗೆ ‘ನೋಡಿದೆ’ ಎಂದು ಮರಿಯಪ್ಪನ ಸಹಿ. ಮುಂದಿನ ಪುಟದಲ್ಲಿ ಮಾರನೆಯ ದಿನದ ತಾರೀಕು, ಬೆಳಿಗ್ಗೆ ಏಳಕ್ಕೆ ಕಾಂಕ್ರೀಟ್ ಹಾಕಿದ ವಿವರ, ಎಲ್ಲರಿಗೂ ಬಾಳೆಹಣ್ಣು ಹಂಚಿದ್ದು ಸಮೇತ. ಬಾಳೆಹಣ್ಣು ಬರೆಯಲು ಜಾಗವಿತ್ತು, ಕಂಬಿ ಸರಿಮಾಡಿದೆವು ಎಂದು ಬರೆಯಲು ಇರಲಿಲ್ಲ.

ಬಿರುಕು ಬಿಟ್ಟದ್ದು ಮೇಲಿನ ರೂಮು. ರೋಗವಿದ್ದದ್ದು ಆ ಗೋಡೆಯನ್ನು ಹೊತ್ತ ಕೆಳಗಿನ ಹಾಲ್‌ನ ಬೀಮಿನಲ್ಲಿ. ಅದು ಗೊತ್ತಿದ್ದವರು ಮರಿಯಪ್ಪ, ಸಾಹೇಬರು, ನಾನು, ಆಮೇಲೆ ಬರೆದ ಇಂಜಿನಿಯರ್. ಅವನನ್ನು, ಬರೀ ಅಂತ ನಿನಗೆ ಯಾವನೋ ಹೇಳಿದ್ದು ಎಂದು ಬೈದು ಮರಿಯಪ್ಪ ಆವಾಗಲೇ ಓಡಿಸಿದ್ದ.

ಅದೇ ವಾರ ಶಾರದಾ ಅವರಿಂದ ಎರಡನೆಯ ಪತ್ರ ಬಂತು. ಮೇಲಿನ ರೂಮು ಅಪಾಯವಾಗಿ ಕಾಣುತ್ತಿರುವುದರಿಂದ ನಮ್ಮ ಕಕ್ಷಿದಾರರಾದ ಸರೋಜಮ್ಮ ಟ್ಯೂಷನ್ ಮಕ್ಕಳನ್ನು ಕೆಳಗಿನ ಹಾಲ್‌ಗೆ ವರ್ಗಾಯಿಸಿದ್ದಾರೆ, ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಬೇಗ ದಾಖಲೆ ತೋರಿಸಿ ಎಂದಿತ್ತು. ನಾನು ಅದನ್ನು ಎರಡು ಸಲ ಓದಿದೆ. ಸ್ವೀಕರಿಸಿದ ತಾರೀಕು ಹಾಕಿದೆ. ಫೈಲಿಗೆ ಸೇರಿಸಿದೆ.

ಸಾಹೇಬರು ಮರಿಯಪ್ಪನಿಗೆ ಒಂದು ಅಭಿಪ್ರಾಯ ಪತ್ರ ಹೇಳಿ ಬರೆಸಿದರು. ಆ ಆಫೀಸಿನಲ್ಲಿ ನಾನು ಟೈಪ್ ಮಾಡಿದ ಕಾಗದಗಳಲ್ಲಿ ಪ್ರಾಮಾಣಿಕವಾದದ್ದು ಅದೊಂದೇ ಇರಬೇಕು. ಹಾಲ್‌ನ ಬೀಮು ದುರ್ಬಲವಾಗಿದೆ, ಅದರ ಕೆಳಗೆ ಮಕ್ಕಳಿದ್ದಾರೆ, ಸೈಟ್ ಬುಕ್ಕನ್ನು ತಡೆಹಿಡಿಯಲು ನಮಗೆ ಆಧಾರವಿಲ್ಲ, ತಕ್ಷಣ ನೀವೇ ಹೋಗಿ ಬೀಮು ಬಲಪಡಿಸಿ ರಾಜಿ ಮಾಡಿಕೊಳ್ಳಿ ಎಂದು ಸ್ಪಷ್ಟವಾಗಿ ಹೇಳಿದರು. ಮರಿಯಪ್ಪ ಅದನ್ನು ಓದಿ ಮಡಚಿ ಜೇಬಿಗಿಟ್ಟುಕೊಂಡ. “ಬಿದ್ದಿಲ್ವಲ್ಲ ಸಾರ್” ಎಂದ. ಸಾಹೇಬರು ನನ್ನ ಕಡೆ ತಿರುಗಿ, ಸಾರಾಸಗಟು ಉತ್ತರ ಹಾಕಿಬಿಡು ಎಂದರು. ಒಳಗಡೆ ಧರ್ಮರಾಯ, ಹೊರಗಡೆ ಮರಿಯಪ್ಪನ ವಕೀಲ.

ಇನ್ನು ನನ್ನ ಘನಕಾರ್ಯ. ನಮ್ಮ ಆಫೀಸಿನಲ್ಲಿ ಕಾಗದ ಉಳಿಸುವುದು ಒಂದು ವ್ರತವಾಗಿತ್ತು. ಒಂದು ಬದಿ ಮಾತ್ರ ಬಳಸಿದ ಹಾಳೆಗಳನ್ನೆಲ್ಲ ಒಂದು ಟ್ರೇಗೆ ಹಾಕುತ್ತಿದ್ದೆವು, ಕರಡುಗಳನ್ನು ಅವುಗಳ ಹಿಂಬದಿಗೆ ಪ್ರಿಂಟ್ ತೆಗೆಯುತ್ತಿದ್ದೆವು. ಲಕ್ಷ ಲಕ್ಷ ಫೀಸು ತೆಗೆದುಕೊಳ್ಳುವವರು ಹೊಸ ಹಾಳೆ ಕಂಡರೆ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಮರಿಯಪ್ಪನ ಅಭಿಪ್ರಾಯ ಪತ್ರದ ಕರಡನ್ನು ನಾನು ಹಾಗೆಯೇ ತೆಗೆದಿದ್ದೆ, ಅದೇ ಮನೆಯ ಪ್ಲಾನಿನ ಹೆಚ್ಚುವರಿ ಪ್ರತಿಯ ಬೆನ್ನಿಗೆ. ಕರಡು ಫೈಲಿನಲ್ಲಿ ಪ್ಲಾನಿನ ಬದಿ ಮೇಲಾಗಿ ಕೂತಿತ್ತು.

ನಮ್ಮ ಉತ್ತರ ಹೋಗಿ ಎರಡು ತಿಂಗಳ ಮೇಲಾಗಿತ್ತು. ನಾಳೆ ಕೋರ್ಟಿಗೆ ಹೋದರೆ ನಾವು ಸಹಕರಿಸಿದೆವು ಎಂದು ತೋರಿಸಬೇಕಲ್ಲ, ಅದಕ್ಕೆ ನಿರಪಾಯದ ಒಂದಷ್ಟು ಕಾಗದ ಕಳಿಸು ಎಂದು ಸಾಹೇಬರು ಹೇಳಿದರು. ಪ್ಲಾನು, ಕರಾರು, ಸಿಮೆಂಟಿನ ರಸೀದಿ ತೆಗೆದು ಕೆಳಗಿನ ಝೆರಾಕ್ಸ್ ಅಂಗಡಿಗೆ ಕೊಟ್ಟೆ. ಇಪ್ಪತ್ತು ವರ್ಷ ಆ ಅಂಗಡಿಯಲ್ಲಿ ಒಂದು ಬದಿ ಮಾತ್ರ ತೆಗೆಯುವ ಮಷಿನ್ನಿತ್ತು. ಹಿಂದಿನ ತಿಂಗಳು ಅವನು ಹೊಸದು ತಂದಿದ್ದ, ಅದು ತನ್ನಷ್ಟಕ್ಕೆ ಎರಡೂ ಬದಿ ತೆಗೆಯುತ್ತಿತ್ತು. ನಾನು ಮೇಲಿನ ಬದಿಗೆ ಮಾತ್ರ ಪುಟಸಂಖ್ಯೆ ಹಾಕಿದೆ. ಹಾಳೆ ತಿರುಗಿಸಿ ನೋಡಲಿಲ್ಲ. ಮೂವತ್ತು ವರ್ಷದ ಅನುಭವ ಎಂದು ಮೆರೆಯುತ್ತಿದ್ದವಳು ಹಾಳೆಗೆ ಎರಡು ಬದಿ ಇರುತ್ತದೆ ಎಂಬುದನ್ನು ಮರೆತೆ. ವಕೀಲರ ಗುಟ್ಟಿನ ಪತ್ರ ಪ್ಲಾನಿನ ಬೆನ್ನೇರಿ ನೇರವಾಗಿ ಎದುರು ವಕೀಲರ ಮೇಜಿಗೆ ಹೋಯಿತು.

ಮಾರನೆಯ ದಿನ ಶಾರದಾ ಅವರೇ ಫೋನ್ ಮಾಡಿದರು. ಬೇರೆ ಯಾರನ್ನೂ ಕಳಿಸಬೇಡಿ, ನೀವೇ ಬನ್ನಿ ಎಂದರು. ವಿಜಯನಗರದಲ್ಲಿ ಅಂಗಡಿಗಳ ಮೇಲಿನ ಒಂದೇ ಒಂದು ಕೋಣೆ ಅವರ ಆಫೀಸು. ಅಂಟಿಸಿದ ಕವರೊಂದನ್ನು ನನ್ನ ಮುಂದೆ ತಳ್ಳಿದರು.

“ಮೂರು ಸಾಲು ಓದ್ದೆ, ಪದ್ಮಮ್ಮ. ನಿಮ್ಮ ಸಾಹೇಬ್ರು ಕಕ್ಷಿದಾರನಿಗೆ ಬರೆದಿರೋ ಸಲಹೆ ಅಂತ ಗೊತ್ತಾಯ್ತು, ನಿಲ್ಲಿಸ್ಬಿಟ್ಟೆ. ಪ್ರತಿ ಇಟ್ಕೊಂಡಿಲ್ಲ. ಟೀಚರಿಗೆ ತೋರಿಸಿಲ್ಲ. ತಗೊಂಡು ಹೋಗಿ.”

ಕೈಮುಗಿದು ಹೊರಗೆ ಬಂದೆ. ಬಸ್ಸಿನಲ್ಲಿ ಕೂತು ಕವರು ಒಡೆದೆ. ಮೊದಲ ಮೂರು ಸಾಲು ನಮಸ್ಕಾರ, ಉಲ್ಲೇಖ, ನೀವು ಕೇಳಿದಂತೆ ನನ್ನ ಅಭಿಪ್ರಾಯ ಎಂಬ ಪೀಠಿಕೆ. ಹಾಲ್‌ನ ಬೀಮು ಐದನೆಯ ಸಾಲಿನಲ್ಲಿತ್ತು. ಇನ್ನೆರಡು ಸಾಲು ಓದಿದ್ದರೆ ಆಕೆಗೆ ಮಕ್ಕಳು ಎಂಥ ಬೀಮಿನ ಕೆಳಗೆ ಕೂತಿದ್ದಾರೆ ಎಂದು ತಿಳಿಯುತ್ತಿತ್ತು. ಇಡೀ ವ್ಯವಹಾರದಲ್ಲಿ ನೆಟ್ಟಗಿದ್ದವರು ಅವರೊಬ್ಬರೇ, ಅವರ ನೆಟ್ಟಗಿನ ಗುಣ ಉಪಯೋಗಕ್ಕೆ ಬಂದದ್ದು ಮರಿಯಪ್ಪನಿಗೆ. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಆಗ ಹೇಳಲಾಗುತ್ತಿರಲಿಲ್ಲ.

ಸಾಹೇಬರಿಗೆ ಹೋಗಿ ಒಪ್ಪಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಎರಡೇ ಪ್ರಶ್ನೆ.

“ಎಷ್ಟು ಓದಿದ್ದಾರೆ?”

“ಮೂರು ಸಾಲು, ಸಾರ್.”

“ಬೀಮು ಎಷ್ಟನೇ ಸಾಲಲ್ಲಿ ಬರತ್ತೆ?”

“ಐದನೇದು, ಸಾರ್.”

ದೊಡ್ಡದಾಗಿ ಉಸಿರು ಬಿಟ್ಟು, ಕಾಫಿ ತರಿಸು ಎಂದರು. ಕಾಫಿ ಕುಡಿಯುತ್ತ, ಈ ಸಲ ಹೊಸ ಕಟ್ಟು ಮಾಡಿ, ಮೇಲೊಂದು ಪಟ್ಟಿ ಇಟ್ಟು ಕ್ರಮವಾಗಿ ಕಳಿಸು ಎಂದರು. ಯಾವುದೋ ಸೆಮಿನಾರಿನಿಂದ ಅವರು ತಂದಿದ್ದ ಪಟ್ಟಿಯ ನಮೂನೆಯೊಂದು ಬೀರುವಿನಲ್ಲಿ ಧೂಳು ಹಿಡಿದಿತ್ತು. ಅದರಲ್ಲಿ ಎರಡು ಭಾಗ. ಕೊಟ್ಟ ಕಾಗದಗಳು ಒಂದು, ಗೋಪ್ಯವೆಂದು ತಡೆಹಿಡಿದ ಕಾಗದಗಳು ಇನ್ನೊಂದು. ಗುಟ್ಟನ್ನು ತೋರಿಸಬೇಕಾಗಿಲ್ಲ, ಆದರೆ ಇಂಥದೊಂದನ್ನು ತೋರಿಸುತ್ತಿಲ್ಲ ಎಂದು ಹೇಳಬೇಕು. ಪಟ್ಟಿಯ ಮರ್ಯಾದೆ ಅದು.

ಆವತ್ತು ಸಂಜೆ ನಾನು ಬೀರು ತೆಗೆದೆ. ಸೈಟ್ ಬುಕ್ಕಿನ ರಟ್ಟಿನ ಮೇಲೆ ನನ್ನದೇ ಸೀಲು ನೇರಳೆ ಬಣ್ಣದಲ್ಲಿ ಹೊಳೆಯುತ್ತಿತ್ತು. ಗೋಪ್ಯ ಎಂದು ಒತ್ತಿದ್ದೇನೆ ತಾನೇ, ಹಾಗಾದರೆ ಪಟ್ಟಿಯ ಎರಡನೆಯ ಭಾಗಕ್ಕೆ ಸೇರಲೇಬೇಕು. ‘ಸೈಟ್ ಬುಕ್ಕು, ಒಂದು. ಗೋಪ್ಯವೆಂದು ತಡೆಹಿಡಿಯಲಾಗಿದೆ’ ಎಂದು ಟೈಪ್ ಮಾಡಿದೆ. ಅಭಿಪ್ರಾಯ ಪತ್ರವನ್ನೂ ಹಾಗೆಯೇ ಸೇರಿಸಿದೆ. ಬುಕ್ಕಿನೊಳಗೆ ಏನಿದೆ ಎಂದು ಒಂದು ಅಕ್ಷರ ಬರೆಯಲಿಲ್ಲ. ಸಾಹೇಬರು ನಾನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಜಾಗದಲ್ಲಿ ಸಹಿ ಮಾಡುವವರು, ಓದುವವರಲ್ಲ. ಗುರುತು ಹಾಕಿದೆ, ಸಹಿ ಬಿತ್ತು. ಇದು ಮೋಸ ಎನ್ನುವವರು ಎನ್ನಲಿ. ನಮೂನೆ ತಂದವರು ಅವರು, ತುಂಬಿದವಳು ನಾನು.

ನಾಲ್ಕೇ ದಿನಕ್ಕೆ ಶಾರದಾ ಅವರ ಉತ್ತರ ಬಂತು. ಜಗಳ ಹುಟ್ಟುವ ಮೊದಲೇ ಸೈಟಿನಲ್ಲಿ ಬರೆದ ಬುಕ್ಕು ವಕೀಲರ ಗುಟ್ಟಾಗುವುದು ಹೇಗೆ ಎಂದು ಕೇಳಿದ್ದರು. ಕರಾರಿನ ಷರತ್ತಿನಂತೆ ಒಂದು ವಾರದೊಳಗೆ ತೋರಿಸದಿದ್ದರೆ ಕೋರ್ಟಿಗೆ ಮೊದಲು ಈ ಪಟ್ಟಿಯನ್ನೇ ಹಾಜರುಪಡಿಸುತ್ತೇನೆ ಎಂದಿದ್ದರು. ಸಾಹೇಬರು ಪಟ್ಟಿಯ ಪ್ರತಿ ತರಿಸಿ ನೋಡಿದರು. ತಮ್ಮ ಸಹಿಯನ್ನು ನೋಡಿದರು. ನನ್ನನ್ನು ನೋಡಿದರು. ನಾನು ಸ್ಟೇಪ್ಲರಿಗೆ ಪಿನ್ನು ತುಂಬುತ್ತಿದ್ದೆ. ಮರಿಯಪ್ಪನಿಗೆ ಅವರೇ ಫೋನ್ ಮಾಡಿ ಬೇರೆ ದಾರಿಯಿಲ್ಲ ಎಂದರು. ಅವನು ತಾನು ಬರುವುದಿಲ್ಲ ಎಂದ. ಸಾಹೇಬರಿಗೂ ಅಂದು ಬೇರೆ ಕೆಲಸವಿತ್ತು. ಬುಕ್ಕು ಹೊತ್ತು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಶಾರದಾ ಅವರ ಕೋಣೆಗೆ ಹೋದಾಗ ಸಂಜೆ ಐದೂವರೆ. ಸರೋಜಮ್ಮ ಟೀಚರ್ ಮೊದಲೇ ಬಂದು ಕೂತಿದ್ದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಯಲ್ಲಿ ಕೆಂಪು ಪೆನ್ನು. ಮಕ್ಕಳಿಗೆ ಟೆಸ್ಟ್ ಕೊಟ್ಟು, ತಂಗಿಯನ್ನು ಕಾವಲಿಗೆ ಕೂರಿಸಿ ಬಂದಿದ್ದೇನೆ, ಬೇಗ ಹೋಗಬೇಕು ಎಂದರು. ಬುಕ್ಕನ್ನು ಮೊದಲ ಪುಟದಿಂದ ಓದುತ್ತ ಬಂದರು, ಉತ್ತರ ಪತ್ರಿಕೆ ತಿದ್ದುವವರ ಶ್ರದ್ಧೆಯಲ್ಲಿ, ಸಾಲಿನ ಕೆಳಗೆ ಬೆರಳಿಟ್ಟು. ಆ ಪುಟ ಬಂದಾಗ ಬೆರಳು ನಿಂತಿತು. ಮತ್ತೊಮ್ಮೆ ಓದಿದರು. ಫೋನ್ ತೆಗೆದು ತಂಗಿಗೆ ಮಾಡಿದರು.

“ನಾಗೂ, ಮಕ್ಕಳನ್ನೆಲ್ಲಾ ಈಗ್ಲೇ ರಸ್ತೆಗೆ ಕರ್ಕೊಂಡು ಹೋಗು. ಬ್ಯಾಗು ಬೇಡ, ಚಪ್ಪಲಿ ಬೇಡ, ಪೇಪರು ಹಾಗೇ ಬಿಡ್ಲಿ. ಯಾಕೆ ಅಂತ ಆಮೇಲೆ ಹೇಳ್ತೀನಿ. ಹೊರಗೆ ಹೋದ್ಮೇಲೆ ಎಣಿಸು. ಹತ್ತೊಂಬತ್ತು ಆಗ್ಬೇಕು.”

ಫೋನ್ ಕಿವಿಯಲ್ಲೇ ಇತ್ತು. ಆ ಕಡೆಯಿಂದ ಎಣಿಸುವ ದನಿ ನನಗೂ ಸಣ್ಣಗೆ ಕೇಳುತ್ತಿತ್ತು. ಹದಿನೇಳಕ್ಕೆ ಒಂದು ಸಲ ನಿಂತಿತು. ಬಚ್ಚಲಿಗೆ ಹೋಗಿದ್ದ ಇಬ್ಬರು ಬಂದರು. ಹತ್ತೊಂಬತ್ತು ಎಂದು ಕೇಳಿದ ಮೇಲೆ ಟೀಚರ್ ಫೋನನ್ನು ಮಡಿಲಿಗಿಟ್ಟುಕೊಂಡು ಸೀರೆಯ ಅಂಚಿನಿಂದ ಕನ್ನಡಕ ಒರೆಸಿದರು.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಆವತ್ತೇ ಇಂಜಿನಿಯರನ್ನು ಕರೆಸಿ ಹಾಲ್‌ನ ಬೀಮಿಗೆ ಕಬ್ಬಿಣದ ಕಂಬಗಳನ್ನು ಆನಿಸಿ ನಿಲ್ಲಿಸಿದರು. ಬೀಮು ಆಗಲೇ ನಡುವಿನಲ್ಲಿ ಒಂದು ಬೆರಳಿನಷ್ಟು ಬಾಗಿತ್ತಂತೆ. ಕೇಸು ಕೋರ್ಟಿಗೆ ಹೋಗಲಿಲ್ಲ. ಮರಿಯಪ್ಪ ಬಾಯಿ ಮುಚ್ಚಿಕೊಂಡು ಬಂದು ಸರಿಮಾಡಿಕೊಟ್ಟ. ಅವನು ಕಲಿತ ಪಾಠ ಒಂದೇ, ಈಗ ಅವನ ಸೈಟುಗಳಲ್ಲಿ ಬುಕ್ಕೇ ಇಲ್ಲ. ಎಲ್ಲ ವಾಟ್ಸಾಪಿನಲ್ಲಿ ಹೇಳುವುದು, ಸಂಜೆಗೆ ಅಳಿಸುವುದು. ನಮ್ಮ ಸಾಹೇಬರು ಮುಂದಿನ ವರ್ಷ ಇಂಜಿನಿಯರುಗಳ ಸಭೆಯೊಂದರಲ್ಲಿ ಪ್ರಾಮಾಣಿಕವಾಗಿ ದಾಖಲೆ ಮುಂದಿಟ್ಟರೆ ಎಂಥ ವಿವಾದವೂ ಬಗೆಹರಿಯುತ್ತದೆ ಎಂದು ಭಾಷಣ ಮಾಡಿ, ಚಂದ್ರಾ ಲೇಔಟಿನ ಒಂದು ಪ್ರಕರಣವನ್ನು ತಮ್ಮ ಸಾಧನೆಯೆಂದು ವಿವರಿಸಿದರು. ಭಾಷಣ ಟೈಪ್ ಮಾಡಿದವಳು ನಾನು, ಒನ್‌ಸೈಡ್ ಹಾಳೆಯ ಹಿಂಬದಿಗೆ.

ಇವರನ್ನೆಲ್ಲ ಆಡಿಕೊಂಡು ನಕ್ಕು ಮುಗಿಸಿಬಿಡಬಹುದಿತ್ತು. ಆದರೆ ಎರಡನೆಯ ಪತ್ರಕ್ಕೆ ನಾನು ತಾರೀಕು ಹಾಕಿ ಫೈಲಿಗೆ ಸೇರಿಸಿದ ದಿನದಿಂದ ಟೀಚರ್ ಬುಕ್ಕು ತೆರೆದ ದಿನಕ್ಕೆ ಹನ್ನೊಂದು ವಾರವಾಗಿತ್ತು. ಹನ್ನೊಂದು ವಾರ ಹತ್ತೊಂಬತ್ತು ಮಕ್ಕಳು ಆ ಬೀಮಿನ ಕೆಳಗೆ ಲೆಕ್ಕ ಮಾಡಿದರು. ನಾನು ಪಟ್ಟಿಯಲ್ಲಿ ಜಾಣತನ ತೋರಿಸಿದ್ದು ಹತ್ತನೆಯ ವಾರದಲ್ಲಿ. ಅದೂ ಹಾಳೆಯ ಹಿಂಬದಿ ನೋಡದ ತಪ್ಪಿನಿಂದ ಸಿಕ್ಕ ಅವಕಾಶ. ಆ ತಪ್ಪು ಆಗದಿದ್ದರೆ ಬುಕ್ಕು ಈಗಲೂ ಬೀರುವಿನಲ್ಲಿ ಇರುತ್ತಿತ್ತು, ಬೀಗದ ಕೈ ನನ್ನ ಸೆರಗಿನಲ್ಲಿ ಇರುತ್ತಿತ್ತು.

ಆ ಸಂಜೆ ಟೀಚರ್ ಕನ್ನಡಕ ಹಾಕಿಕೊಂಡು ಬುಕ್ಕಿನ ರಟ್ಟು ಮುಚ್ಚಿದರು. ನೇರಳೆ ಸೀಲನ್ನು ಓದಿದರು. ನನ್ನ ಕಡೆ ತಿರುಗಿದರು.

“ಇದು ನಿಮಗೆ ಗೊತ್ತಿತ್ತಾ?”

ಸಾಹೇಬರು ಕಲಿಸಿದ ಉತ್ತರ ಬಾಯಿಗೆ ತಾನಾಗಿ ಬಂತು.

“ಆಫೀಸಿನ ವಿಷಯ ನಾನು ಹೇಳೋ ಹಾಗಿಲ್ಲ, ಮೇಡಂ.”

ಅವರು ತಲೆಯಾಡಿಸಿದರು. ಸಿಟ್ಟು ಮಾಡಲಿಲ್ಲ, ದನಿಯನ್ನೂ ಏರಿಸಲಿಲ್ಲ. ಮಗು ಮಾಡಿದ ತಪ್ಪು ಲೆಕ್ಕ ಎಲ್ಲಿ ತಪ್ಪಿತು ಎಂದು ಕಂಡವರ ಹಾಗೆ ನನ್ನನ್ನೇ ನೋಡಿದರು.

“ಹಾಗಾದ್ರೆ ಗೊತ್ತಿತ್ತು” ಎಂದರು. ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಎದ್ದು ಹೋದರು.